ಹಳ್ಳ ತುಂಬಿದ ದಿನದ ಹಾಜರಿ

ಶನಿವಾರದ ಸಮಾರಂಭಕ್ಕೆ ‘ಫುಲ್ ಅಟೆಂಡೆನ್ಸ್’ ಬಹುಮಾನದ ಹೆಸರು ಬರೆದುಕೊಡಿ ಎಂದು ಹೆಡ್‌ಮಾಸ್ಟರ್ ಓಂಕಾರಮೂರ್ತಿ ಹಾಳೆ ಕೊಟ್ಟಾಗ ಫರ್ಹತ್ ಮಿಸ್‌ಗೆ ಮೈಯೆಲ್ಲ ಉರಿಯಿತು. ಬಹುಮಾನ ಕೊಡುವವರು ಎಸ್ಟೇಟ್ ಮಾಲೀಕ ಶಶಿಧರ್. ಎರಡು ವರ್ಷದಿಂದ ಗೆಲ್ಲುತ್ತಿರುವವಳು ಅವರ ಮಗಳು ಧನ್ಯಾ. ಇದಕ್ಕೊಂದು ಸಮಾರಂಭ ಬೇರೆ! ಆದರೆ ಫರ್ಹತ್ ಅತಿಥಿ ಶಿಕ್ಷಕಿ, ಶಶಿಧರ್ ಶಾಲಾ ಕಮಿಟಿಯ ಅಧ್ಯಕ್ಷರು. ಬರುವ ವರ್ಷ ಅವಳ ಕೆಲಸ ಉಳಿಯುವುದು ಅವರ ಒಂದು ಮಾತಿನಲ್ಲಿತ್ತು.

ಇರಲಿ ಎಂದುಕೊಂಡು ಹಾಳೆ ಹಿಡಿದೇ ಒಂಬತ್ತನೇ ಕ್ಲಾಸಿಗೆ ಹೋದಳು.

“ಜುಲೈಯಲ್ಲಿ ಹಳ್ಳ ತುಂಬಿದ ದಿನ ರಜೆ ಕೊಟ್ಟಿರ್ಲಿಲ್ಲ. ಅವತ್ತು ಯಾರ್ಯಾರು ಹೇಗೆ ಬಂದ್ರಿ? ಕೇಳಿ ನಗೋ ಹಾಗಿಲ್ಲ, ಅಯ್ಯೋ ಪಾಪ ಅನ್ನೋ ಹಾಗೂ ಇಲ್ಲ.”

ತನ್ಮಯ್ ಬಸ್ಸಲ್ಲಿ ಬಂದಿದ್ದ. ಧನ್ಯಾ ಬೆನ್ನು ನೆಟ್ಟಗೆ ಮಾಡಿ, “ಜೀಪಲ್ಲಿ ಮಿಸ್. ಎಷ್ಟೇ ಮಳೆ ಬಂದ್ರೂ ನಾನು ತಪ್ಸಲ್ಲ” ಎಂದಳು.

ಅವರದೇ ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ಕವನಾ ಎದ್ದಳು. “ನಾನು ಬರ್ಲಿಲ್ಲ. ನಡ್ಕೊಂಡು ಬರೋ ದಾರಿಯ ಮರದ ಸೇತುವೆ, ಆ ಸಂಕ, ಹೋದ ವರ್ಷದ ಮಳೆಗಾಲದಲ್ಲೇ ಕೊಚ್ಚಿ ಹೋಗಿದೆ, ಹಳ್ಳ ತುಂಬಿದ್ರೆ ದಾಟೋಕಾಗಲ್ಲ. ಜೀಪು ನಮ್ಮ ಲೈನಿನ ಮುಂದೇನೇ ಹೋಯ್ತು.”

ಧನ್ಯಾಳ ಮುಖ ಸಣ್ಣದಾಯಿತು. “ನಿಲ್ಸಿ ಅನ್ಬೋದಿತ್ತು. ನಂಗೆ ಹೊಳೀಲೇ ಇಲ್ಲ ಮಿಸ್.” ಕಣ್ಣು ತುಂಬಿಬಂತು.

“ಅಳ್ಬೇಡ. ಜೀಪಿರೋದು ನಿನ್ನ ತಪ್ಪಲ್ಲ. ಆದ್ರೆ ಯಾಕೆ ಹೊಳೀಲಿಲ್ಲ? ಇವತ್ತಿನ ಪಾಠ ಅದೇ.”

“ಮನೇಲಿ ನಂಗೆ ಓದೋಕೇ ಅಂತ ಒಂದು ರೂಮಿದೆ. ಅದೂ ಜೀಪಿನ ಥರಾನೇನಾ ಮಿಸ್?” ಎಂದ ತನ್ಮಯ್. ಆಮೇಲೆ ಕ್ಲಾಸು ಬಾಯಿ ಮುಚ್ಚಲೇ ಇಲ್ಲ. ಫರ್ಹತ್‌ಗೆ ಒಳಗೊಳಗೇ ಖುಷಿ.

ಬೆಲ್ ಆದ ಮೇಲೆ ಧನ್ಯಾ ಮೇಜಿನ ಹತ್ತಿರ ಬಂದಳು. “ಶನಿವಾರ ಪ್ರೈಜ್ ತಗೊಳ್ಳುವಾಗ, ಸಂಕ ಕಟ್ಸಿ ಅಂತ ಅಪ್ಪನ್ನ ಮೈಕಲ್ಲೇ ಕೇಳ್ಲಾ?”

ಫರ್ಹತ್ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಊರೆಲ್ಲ ಕೂತಿರುವಾಗ, ಅಧ್ಯಕ್ಷರನ್ನು! ಮರುಕ್ಷಣವೇ ಮನಸ್ಸು ಗಟ್ಟಿಯಾಯಿತು. ಇಷ್ಟಕ್ಕೇ ಹೋಗುವ ಕೆಲಸವಾದರೆ ಹೋಗಲಿ.

“ಕೇಳು” ಎಂದಳು.

“ಅವಳ್ಯಾಕೆ ಮಿಸ್?” ಬಾಗಿಲಲ್ಲಿ ಕವನಾ ನಿಂತಿದ್ದಳು. “ಹಳ್ಳ ದಾಟೋಳು ನಾನು. ನಾನೇ ಕೇಳ್ತೀನಿ. ಧನ್ಯಾ, ನೀನು ಪಕ್ಕದಲ್ಲಿ ನಿಂತ್ಕೋ, ಸಾಕು.”

ಧನ್ಯಾ ಹೂಂ ಎಂದಳು.

ಫರ್ಹತ್ ಹಾಳೆಯಲ್ಲಿ ‘ಬಹುಮಾನ: ಧನ್ಯಾ’ ಎಂದು ಬರೆದಳು. ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ ‘ಭಾಷಣ: ಕವನಾ’ ಎಂದು ಸೇರಿಸಿ, ಹೆಡ್‌ಮಾಸ್ಟರರ ಕೋಣೆಗೆ ನಡೆದಳು.