ಸಮ್ಮೇಳನದವರೆಗೂ ಬಾಯಿ ಬಿಡಬಾರದು

ಕಂಕುಳಲ್ಲಿ ಬೆವರಿನ ಕಲೆ, ಅಧ್ಯಕ್ಷರು ಕೈ ಎತ್ತಿದಾಗಲೆಲ್ಲ ಕಾಣುತ್ತದೆ, ಕೋಟಿನ ಮೇಲೆ ಉಪ್ಪಿನ ಬಿಳಿ ಗೆರೆ, ತೋಳು ಅರ್ಧ ಇಂಚು ಉದ್ದ ಬೇರೆ, ಯಾವ ಪುಣ್ಯಾತ್ಮ ಹೊಲಿದನೋ, ನನ್ನ ಅಂಗಡಿಗೆ ತಂದಿದ್ದರೆ ಬಿಚ್ಚಿ ಸರಿ ಮಾಡಿಕೊಡುತ್ತಿದ್ದೆ — ಇಲ್ಲ, ಮಾಡುತ್ತಿರಲಿಲ್ಲ, ಮುಟ್ಟಲೂ ಅಸಹ್ಯ. ಎರಡು ವರ್ಷಕ್ಕೊಮ್ಮೆ ಇದೇ ಗೋಳು, ಊರು ಮಾತ್ರ ಬೇರೆ, ಕಾರ್ಪೆಟ್ಟಿನ ಮುಗ್ಗಲು ವಾಸನೆ ಎಲ್ಲ ಕಡೆಯೂ ಒಂದೇ, ಹುಟ್ಟುವಾಗ ಉಸಿರು ಕಟ್ಟಿದ ಕೂಸುಗಳ ಮಿದುಳಿಗೆ ಏನಾಗುತ್ತದೆ ಎಂದು ದೊಡ್ಡ ದೊಡ್ಡ ಡಾಕ್ಟರುಗಳು ಸೇರಿ ಮಾತಾಡುವ ಸಮ್ಮೇಳನ, ಕೊನೆಗೆ ಒಬ್ಬ ತಾಯಿಯ ಭಾಷಣ, ಅದು ಇಲ್ಲಿನ ಪದ್ಧತಿ, ಆ ತಾಯಿ ನಾನೇ, ಮಾಮೂಲಿ ತಾಯಿ, ನನ್ನ ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನವರು ಕಾಫಿಗೆ ಎದ್ದಿರುತ್ತಾರೆ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಮಗಳು, ಬೆಳೆದ ಹುಡುಗಿ, ಕುತ್ತಿಗೆ ವಾಲಿದೆ, ಜೊಲ್ಲು ಒರೆಸಬೇಕು, ಒರೆಸಿದೆ, ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿ ಹಲ್ಲು ಕಿರಿದಳು, ಆ ನಗು ನನಗೆ ಗೊತ್ತು, ಮನೆಗೆ ಹೋಗಿ ಕೈ ತೊಳೆದುಕೊಳ್ಳುವವರ ನಗು. ಅಧ್ಯಕ್ಷರಿಗೆ ನಾನಿಟ್ಟ ಹೆಸರು ತಂಪುರಾಯ, ಇಂಥ ಕೂಸುಗಳ ಮೈಯನ್ನು ಮೂರು ದಿನ ತಂಪಾಗಿಟ್ಟರೆ ಮಿದುಳು ಉಳಿಯುತ್ತದೆಂದು ತೋರಿಸಿದವರು ಇವರೇ, ತಂಪುರಾಯ ಎಂದರೆ ಸಾಕು ಮಗಳು ಕಿಸಕ್ಕೆಂದು ನಗುತ್ತಾಳೆ, ಮಾತು ಬಾರದಿದ್ದರೇನು, ಅವಳಿಗೆ ಎಲ್ಲ ಅರ್ಥವಾಗುತ್ತದೆ.

ಇವತ್ತು ತಂಪುರಾಯರು ಸಮ್ಮೇಳನದ ಚರಿತ್ರೆ ಹೇಳುತ್ತಿದ್ದಾರೆ, ಮೊದಲನೆಯದು ಯಾವುದೋ ಹಾಸ್ಟೆಲಿನ ಊಟದ ಕೋಣೆಯಲ್ಲಂತೆ, ಗೋಡೆಗೆ ಹಾಸಿಗೆಯ ಚಾದರ ಕಟ್ಟಿ ಅದರ ಮೇಲೆ ಚಿತ್ರ, ಇಲಿಮರಿಯ ಮಿದುಳನ್ನು ತೆಳ್ಳಗೆ ಹೆಚ್ಚಿ ಬಣ್ಣ ಹಾಕಿದ್ದು, ನಾವು ಅದನ್ನ ನೋಡ್ತಾ ನೋಡ್ತಾನೇ ಊಟ ಮುಗಿಸಿದ್ವಿ, ಅಭ್ಯಾಸ ಆಗಿಬಿಟ್ಟಿತ್ತು ನೋಡಿ, ಸಭೆಯೆಲ್ಲ ನಗು, ಆಮೇಲೆ ಕುರಿಮರಿಗಳಂತೆ, ಆಮೇಲೆ ಕೂಸುಗಳಂತೆ, ಇಲಿಯಿಂದ ಕೂಸಿಗೆ ಮೆಟ್ಟಿಲು ಹತ್ತಿದ ಹಾಗೆ ಹೇಳುತ್ತಾರೆ. ನಮ್ಮಲ್ಲೊಂದು ಕಟ್ಟುಪಾಡು, ಏನೇ ಹೊಸದು ಸಿಕ್ಲಿ, ಮೊದಲು ಈ ವೇದಿಕೆ ಮೇಲೇ ಹೇಳಬೇಕು, ಅಲ್ಲೀವರೆಗೂ ಹೆಂಡತಿ ಹತ್ರಾನೂ ಬಾಯಿ ಬಿಡಬಾರದು, ತಂಪು ಮಾಡಿದ ಕೂಸುಗಳ ಲೆಕ್ಕ ನಮ್ಮ ಕೈಗೆ ಬಂದಿದ್ದು ಚಳಿಗಾಲದಲ್ಲಿ, ಕೆಲಸ ಮಾಡುತ್ತೆ ಅಂತ ಅವತ್ತೇ ಗೊತ್ತಾಯ್ತು, ಸಮ್ಮೇಳನ ಇದ್ದಿದ್ದು ಮಳೆಗಾಲಕ್ಕೆ, ಅಷ್ಟು ದಿನ ಹೆಂಗೆ ಹೊಟ್ಟೇಲಿಟ್ಕೊಂಡಿದ್ವೋ ನಮಗೇ ಗೊತ್ತು. ಮತ್ತೆ ನಗು, ಚಪ್ಪಾಳೆ, ನಾನೂ ತಟ್ಟಿದೆ, ಕೈ ತಾನಾಗಿ ತಟ್ಟಿತು, ಚಳಿಗಾಲ — ಯಾವ ಚಳಿಗಾಲ, ಪರದೆಯ ಮೇಲೆ ಇಸವಿ ದೊಡ್ಡದಾಗಿ ಇದೆ, ಮಗಳು ಹುಟ್ಟಿದ ಇಸವಿ, ಹುಟ್ಟಿದ್ದು ಬೇಸಿಗೆಯಲ್ಲಿ, ಚಳಿಗಾಲಕ್ಕೂ ಮಳೆಗಾಲಕ್ಕೂ ನಡುವೆ. ಆಗ ಯಾರಿಗೂ ಗೊತ್ತಿರಲಿಲ್ಲ ಕಣಮ್ಮ, ಎಂದಿದ್ದರು ಇದೇ ತಂಪುರಾಯರು, ನನ್ನ ಎರಡೂ ಕೈ ಹಿಡಿದುಕೊಂಡು, ನಾನು ಮೊದಲ ಸಲ ಇಲ್ಲಿಗೆ ಬಂದಾಗ, ಆ ಕೈಯ ಬೆಚ್ಚನೆ ಜಿಡ್ಡು ಈಗಲೂ ಅಂಗೈಯಲ್ಲಿದೆ, ಥೂ. ಅತ್ತೆ ಎಷ್ಟು ವರ್ಷ ಅಂದರು, ಹೆರಿಗೆ ಹೊತ್ತಲ್ಲಿ ನೀನು ಹೇಳಿದ ಹಾಗೆ ಕೇಳಲಿಲ್ಲ, ಅದಕ್ಕೇ ಮಗು ಹಿಂಗಾಯ್ತು, ನಾನು ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೇಳಿಸಿಕೊಂಡೆ, ಇರಬಹುದು ಎಂದುಕೊಂಡೆ, ಅತ್ತೆ ಅದೇ ನಂಬಿಕೆಯಲ್ಲೇ ಕಣ್ಣು ಮುಚ್ಚಿದರು. ಅಷ್ಟು ವರ್ಷ ಇವರು ಕಾಫಿ ಕುಡಿಯುತ್ತಿದ್ದರು.

ಈಗ ನಮ್ಮೆಲ್ಲರ ಪ್ರೀತಿಯ ತಾಯಿ ಮಾತಾಡ್ತಾರೆ, ಬನ್ನಿ ಅಮ್ಮ, ತಂಪುರಾಯರ ಕೈ ನನ್ನ ಕಡೆ ಚಾಚಿದೆ, ಕೈ ಕೊಡದೆ ಮೆಟ್ಟಿಲು ಹತ್ತಿದೆ, ಮೈಕಿನಲ್ಲಿ ಹಿಂದೆ ಮಾತಾಡಿದವರ ಬಾಯಿ ವಾಸನೆ, ಪ್ರತಿ ಸಲ ಹೇಳುವುದನ್ನೇ ಹೇಳಬೇಕು, ನನ್ನ ಮಗಳು ಹುಟ್ಟಿದಾಗ ಈ ಚಿಕಿತ್ಸೆ ಯಾರಿಗೂ ಗೊತ್ತಿರಲಿಲ್ಲ, ಇನ್ನು ಹುಟ್ಟುವ ಮಕ್ಕಳು ಪುಣ್ಯವಂತರು, ನಿಮಗೆಲ್ಲ ಕೈ ಮುಗಿಯುತ್ತೇನೆ, ಬಾಯಿಪಾಠ, ನಿದ್ದೆಯಲ್ಲೂ ಬರುತ್ತದೆ, ನನ್ನ ಮಗಳು ಹುಟ್ಟಿದಾಗ — ಎಂದೆ, ಮುಂದಿನದು ಬರುತ್ತಿಲ್ಲ, ಕೆಳಗೆ ಮಗಳು ಕತ್ತು ಎತ್ತಲು ಹೆಣಗುತ್ತ ನನ್ನನ್ನೇ ನೋಡುತ್ತಿದ್ದಾಳೆ, ನಗುತ್ತಿಲ್ಲ, ಅವಳೂ ಕೇಳಿಸಿಕೊಂಡಿದ್ದಾಳೆ, ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೂಸನ್ನಿಟ್ಟ ಕೋಣೆಯ ಮೂಲೆಯಲ್ಲಿ ಒಂದು ಯಂತ್ರ ಇತ್ತು, ಬಿಳಿ ಬಟ್ಟೆ ಹೊದಿಸಿದ್ದು, ವೈರು ಸುತ್ತಿ ಗಂಟು ಹಾಕಿದ್ದು, ಅದೇನು ಸಿಸ್ಟರ್ ಎಂದು ಕೇಳಿದ್ದೆ, ಅದು ಕೂಸುಗಳನ್ನ ತಂಪು ಮಾಡೋದು ಅಮ್ಮ, ದೊಡ್ಡ ಡಾಕ್ಟ್ರ ಪರೀಕ್ಷೆಗೆ ಅಂತ ತಂದಿದ್ದು, ಪರೀಕ್ಷೆ ಮುಗೀತು, ಮತ್ತೆ ಹೇಳೋವರೆಗೂ ಮುಟ್ಟಬೇಡಿ ಅಂದಿದಾರೆ, ಎಂದು ಕೂಸಿನ ಮೇಲಿನ ಬಿಸಿ ದೀಪವನ್ನು ಇನ್ನಷ್ಟು ಹತ್ತಿರ ಎಳೆದಳು, ಬೆಚ್ಚಗಿರಲಿ ಪಾಪ, ಎಷ್ಟು ಸಲ ಕನಸಿನಲ್ಲಿ ಬಂದಿದೆ ಆ ಮೂಲೆ, ಯಾಕೆ ಬರುತ್ತದೆಂದು ತಿಳಿಯದೆ ಎದ್ದು ನೀರು ಕುಡಿದು ಮಲಗಿದ್ದೇನೆ, ಮಾತಾಡಿ ಅಮ್ಮ, ಸಭೆ ಕಾಯ್ತಾ ಇದೆ, ಕಾಯಲಿ, ಎರಡು ಹೆಜ್ಜೆ ಆಚೆ ಇತ್ತು, ನನ್ನ ಸೀರೆಯ ಸೆರಗು ತಗಲುವಷ್ಟು ಹತ್ತಿರ, ಬಿಳಿ ಬಟ್ಟೆ, ಸುತ್ತಿಟ್ಟ ವೈರು, ಗೋಡೆಯಲ್ಲಿ ಖಾಲಿ ಪ್ಲಗ್ಗು, ಬಿಳಿ ಬಟ್ಟೆ, ಸುತ್ತಿಟ್ಟ ವೈರು, ಸುತ್ತಿಟ್ಟ ವೈರು