ಆರು ಅಂಕದ ನೋವು

"ಒಂದು, ಎರಡು, ಎತ್ತಿ," ಎಂದ ಹಾರ್ಮ್.

ಎಂಟು ಜನ ಶವಪೆಟ್ಟಿಗೆಯನ್ನು ಒಟ್ಟಿಗೆ ಹೆಗಲಿಗೇರಿಸಿದರು. ಏಳು ಜನ ಹೆಜ್ಜೆ ಇಟ್ಟರು. ಮುಂದಿನ ಬಲಗಡೆಯಲ್ಲಿದ್ದ ಹಾರ್ಮ್ ಮಾತ್ರ ನಿಂತಲ್ಲೇ ನಿಂತ. ಪೆಟ್ಟಿಗೆ ವಾಲಿತು, ಮೇಲಿದ್ದ ಬಿಳಿ ಸೇವಂತಿಗೆಯ ಗುಚ್ಛ ಜಾರಿ ಅಂಚಿಗೆ ಬಂತು. ಹೆಂಗಸರ ಸಾಲಿನಿಂದ ಯಾರೋ "ಅಯ್ಯೋ" ಎಂದರು.

"ಏನೋ ಹಾರ್ಮ್, ಹೊಸ ಬೂಟು ಕಚ್ತಿದೆಯೇನೋ?" ಎಂದು ಹಿಂದಿನಿಂದ ಬೆರೆಂಡ್ ಪಿಸುಗುಟ್ಟಿದ.

"ಏನಿಲ್ಲ. ನಡೀರಿ, ನಡೀರಿ."

ನಡೆದರು. ಪೆಟ್ಟಿಗೆಯ ಹಿಂದೆಯೇ ಇನೆಕೆ ತನ್ನ ತಾಯಿ ಹಿಲ್ಲಿಯ ಕೈ ಹಿಡಿದು ಹೊರಟಳು. ಪೆಟ್ಟಿಗೆಯಲ್ಲಿದ್ದವಳು ಹಿಲ್ಲಿಯ ಅಕ್ಕ ರುಲೀನಾ, ಎಪ್ಪತ್ತೆಂಟು ವರ್ಷದವಳು, ಮೂವತ್ತೆಂಟು ವರ್ಷ ನಮ್ಮೂರಿನ ಶಾಲೆಯಲ್ಲಿ ಪಾಠ ಹೇಳಿದವಳು. ಹೊತ್ತವರಲ್ಲಿ ಆರು ಜನ ಅವಳ ಕೈಯಲ್ಲಿ ಅಕ್ಷರ ಕಲಿತವರೇ. ಇನೆಕೆ ಪಟ್ಟಣದಲ್ಲಿ ಬಸ್ಸು ಓಡಿಸುತ್ತಾಳೆ. ಯಾವ ಪ್ರಯಾಣಿಕ ಮೆಟ್ಟಿಲು ಹತ್ತಲಾರ, ಯಾರು ನೋವು ನುಂಗಿಕೊಂಡು ನಿಂತಿದ್ದಾರೆ ಎಂದು ಕನ್ನಡಿಯಲ್ಲೇ ಗುರುತಿಸುವ ಕಣ್ಣು ಅವಳದು. ಆ ಕಣ್ಣು ಈಗ ಹಾರ್ಮ್‌ನ ಎಡಗಾಲಿನ ಮೇಲೆ ನೆಟ್ಟಿತ್ತು. ಅವನು ಪಾದವನ್ನು ಊರುತ್ತಿರಲಿಲ್ಲ, ಎಳೆಯುತ್ತಿದ್ದ. ನವೆಂಬರಿನ ಆ ಗಾಳಿಯಲ್ಲಿ ಎಲ್ಲರ ಮೂಗೂ ಕೆಂಪಾಗಿದ್ದರೆ ಅವನ ಕುತ್ತಿಗೆ ಬೆವರುತ್ತಿತ್ತು.

"ಅಮ್ಮ, ಹಾರ್ಮ್ ಮಾವನ ಕಾಲು ನೋಡು."

"ಸುಮ್ನೆ ಬಾರೆ. ಹೆಣದ ಹಿಂದೆ ನಡೀತಾ ಮಾತಾಡಬಾರದು," ಎಂದಳು ಹಿಲ್ಲಿ. ಅವಳೂ ನಿಧಾನವಾಗಿಯೇ ನಡೆಯುತ್ತಿದ್ದಳು. ಎಪ್ಪತ್ತನಾಲ್ಕು ವರ್ಷ, ಅಕ್ಕ ಸತ್ತ ದುಃಖ ಬೇರೆ. ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ.

ನಮ್ಮ ಡ್ರೆಂಥೆ ಸೀಮೆಯ ಹಳ್ಳಿಗಳಲ್ಲಿ ಒಬ್ಬರು ಸತ್ತರೆ ಬಲಗಡೆಯ ಮೊದಲ ಮನೆಯವನು ಎಲ್ಲದಕ್ಕೂ ಹೊಣೆ. ಮನೆಮನೆಗೆ ಹೋಗಿ ಸುದ್ದಿ ಹೇಳುವವನು ಅವನು, ಪೆಟ್ಟಿಗೆಗೆ ಮೊದಲ ಹೆಗಲು ಕೊಡುವವನು ಅವನು, ಮಣ್ಣಾದ ಮೇಲೆ ಬಂದವರಿಗೆಲ್ಲ ಕಾಫಿ ಬಗ್ಗಿಸುವವನೂ ಅವನೇ. ರುಲೀನಾಳ ಮೊದಲ ನೆರೆಯವನು ಹಾರ್ಮ್. ಮದುವೆಯಾಗದ ಆಲೂಗಡ್ಡೆ ಬೆಳೆಗಾರ, ಅರವತ್ಮೂರು ವರ್ಷ. ಮಂಗಳವಾರದಿಂದ ಈ ಶನಿವಾರದವರೆಗೆ ಅವನು ಒಂದು ಕೆಲಸವನ್ನೂ ತಪ್ಪಿಸಿರಲಿಲ್ಲ. ಸತ್ತವರ ವಿಷಯದಲ್ಲಿ ನಮ್ಮೂರನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ.

* * *

ರುಲೀನಾ ಟೀಚರ್ ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟವಳಲ್ಲ. ಒಂಬತ್ತೂ ಕೊಟ್ಟವಳಲ್ಲ. ಮೂವತ್ತೆಂಟು ವರ್ಷದಲ್ಲಿ ಎಂಟು ಬಂದವರು ಮೂರೇ ಜನ, ಆ ಮೂವರ ಹೆಸರು ಊರಿಗೆಲ್ಲ ಬಾಯಿಪಾಠ. ಆರು ಬಂದ ದಿನ ಮನೆಯಲ್ಲಿ ಕೇಕು ಕತ್ತರಿಸುತ್ತಿದ್ದರು. ಏಳು ಬಂದರೆ ಅಜ್ಜ ಅಜ್ಜಿಯರಿಗೆ ಕಾಗದ ಬರೆಯುತ್ತಿದ್ದರು.

ಇನೆಕೆಗೆ ಒಂಬತ್ತು ವರ್ಷವಾಗಿದ್ದಾಗ ಒಂದೂ ತಪ್ಪಿಲ್ಲದ ಉಕ್ತಲೇಖನ ಒಪ್ಪಿಸಿ ಏಳು ಪಡೆದಳು. ಹಾಳೆ ಹಿಡಿದುಕೊಂಡು ಮೇಜಿನ ಹತ್ತಿರ ಹೋದಳು.

"ತಪ್ಪು ಎಲ್ಲಿದೆ ದೊಡ್ಡಮ್ಮ?"

"ಶಾಲೆಯಲ್ಲಿ ಟೀಚರ್ ಅನ್ನು. ತಪ್ಪೆಲ್ಲೂ ಇಲ್ಲ."

"ಮತ್ತೆ ಮೂರು ಅಂಕ ಎಲ್ಲಿ ಹೋಯ್ತು?"

"ಮುಂದಿನ ವರ್ಷಕ್ಕೆ ಇಟ್ಟಿದ್ದೀನಿ."

ಹೀಗೆ ಹೇಳಿದವಳೇ ಮಳೆ ಬಂದ ದಿನಗಳಲ್ಲಿ ಮಕ್ಕಳ ಒದ್ದೆ ಕಾಲುಚೀಲಗಳನ್ನು ಬಿಚ್ಚಿಸಿ ಒಲೆಯ ಸುತ್ತ ಒಣಗಹಾಕುತ್ತಿದ್ದಳು, ಒಬ್ಬೊಬ್ಬರ ಪಾದವನ್ನೂ ತಾನೇ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಳು. ತನ್ನ ಕಾಲಿನ ಸುದ್ದಿ ಮಾತ್ರ ಎತ್ತಿದವಳಲ್ಲ. ದಿನವಿಡೀ ಕಪ್ಪುಹಲಗೆಯ ಮುಂದೆ ನಿಂತೇ ಪಾಠ ಮಾಡುತ್ತಿದ್ದಳು. ಅವಳ ಕುರ್ಚಿಯ ಮೇಲೆ ಯಾವಾಗಲೂ ಹೂವಿನ ಕುಂಡವೊಂದು ಇರುತ್ತಿತ್ತು. ತನ್ನ ಅಡುಗೆಗೂ, ತನ್ನ ಹೆಣಿಗೆಗೂ ಅವಳು ಅಂಕ ಹಾಕಿಕೊಳ್ಳುತ್ತಿದ್ದಳು. ಅವಳ ಪೇರ್ ಹಣ್ಣಿನ ಜಾಮನ್ನು ಊರೆಲ್ಲ ಚಪ್ಪರಿಸುತ್ತಿತ್ತು; ಅದಕ್ಕೆ ಅವಳು ಕೊಟ್ಟದ್ದು ಐದು.

* * *

ಗುಂಡಿಯ ಅಂಚಿನಲ್ಲಿ ಪಾದ್ರಿ ಟೋಪಿ ತೆಗೆದು ಮಾತಾಡಿದರು. ಒಳ್ಳೆಯ ಮನುಷ್ಯ, ಆದರೆ ಎಲ್ಲ ಸಾವಿಗೂ ಅವರ ಹತ್ತಿರ ಇರುವುದು ಅದೇ ನಾಲ್ಕು ಮಾತು.

"ನಮ್ಮ ರುಲೀನಾ ಟೀಚರ್ ತಮ್ಮ ಕೊನೆಯ ನೋವನ್ನೂ ಯಾರಿಗೂ ಹೊರೆಯಾಗದಂತೆ, ಒಂದೇ ಒಂದು ದೂರಿಲ್ಲದೆ ಸಹಿಸಿದರು."

ಕಪ್ಪು ಕೋಟುಗಳ ಮೇಲಿನ ತಲೆಗಳು ಮೆಚ್ಚುಗೆಯಿಂದ ಆಡಿದವು.

"ಅದಕ್ಕೇ ಸತ್ತಳು," ಎಂದಳು ಇನೆಕೆ.

ಗಟ್ಟಿಯಾಗಿಯೇ ಅಂದಳು. ಪಾದ್ರಿ ಕಣ್ಣು ಪಿಳುಕಿಸಿದರು. ಹಿಲ್ಲಿ ಮಗಳ ತೋಳು ಚಿವುಟಿದಳು.

"ಬಾಯಿ ಮುಚ್ಚೆ. ಜನ ಇದ್ದಾರೆ."

"ಇದ್ದಾರಲ್ಲ ಅಮ್ಮ, ಹೋದ ಶನಿವಾರನೂ ಇದ್ರು. ಎಲ್ಲರೂ ಇಲ್ಲೇ ಇದ್ರು."

ಆಸ್ಪತ್ರೆಯ ಡಾಕ್ಟರು ಹೇಳಿದ ಒಂದು ಮಾತು ನಾಲ್ಕು ದಿನದಿಂದ ಇನೆಕೆಯ ಕಿವಿ ಬಿಟ್ಟಿರಲಿಲ್ಲ. ಕಾಲ್ಬೆರಳ ಸಂದಿಯ ಸಣ್ಣ ಬಿರುಕಿನಿಂದ ಸೋಂಕು ಒಳಗೆ ಹೋಗಿದೆ, ಚರ್ಮದಡಿ ಹರಡಿ ರಕ್ತಕ್ಕೆ ಸೇರಿದೆ, ಶನಿವಾರವೇ ಕರೆತಂದಿದ್ದರೆ ಔಷಧಿ ಕೊಟ್ಟು ಹತ್ತು ದಿನದಲ್ಲಿ ಮನೆಗೆ ಕಳಿಸುತ್ತಿದ್ದೆವು ಎಂದಿದ್ದರು ಅವರು. ನರ್ಸು ಕೆಂಪಾದ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಗಂಟೆ ಕಳೆದಂತೆ ಕೆಂಪು ಆ ಗೆರೆ ದಾಟಿ ಹೋಗುವುದನ್ನು ಇನೆಕೆ ಹಾಸಿಗೆಯ ಪಕ್ಕ ಕೂತು ನೋಡಿದ್ದಳು. ಶನಿವಾರ ಸಂಜೆ ಅವಳೇ ಬಸ್ ನಿಲ್ದಾಣದಿಂದ ಫೋನ್ ಮಾಡಿದ್ದಳಲ್ಲ! "ಚೆನ್ನಾಗಿದ್ದೀನಿ ಕಣೆ" ಎಂದಿದ್ದಳು ದೊಡ್ಡಮ್ಮ. ಇವಳೂ ನಂಬಿ ಫೋನ್ ಇಟ್ಟಿದ್ದಳು. ತನ್ನ ಮೇಲೂ ಅವಳಿಗೆ ಕಡಿಮೆ ಸಿಟ್ಟಿರಲಿಲ್ಲ.

* * *

ಶಾಲೆ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಆ ಕೋಣೆಯೇ ಈಗ ಊರಿನ ಸಭಾಂಗಣ. ಉದ್ದದ ಮೇಜುಗಳ ಮೇಲೆ ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಬೆಣ್ಣೆ, ಕೇಕಿನ ತುಂಡು. ಹಾರ್ಮ್ ದೊಡ್ಡ ಕಾಫಿ ಜಗ್ ಹಿಡಿದು ಒಬ್ಬೊಬ್ಬರಿಗೂ ಬಗ್ಗಿಸುತ್ತಾ ಬಂದ. ಇನೆಕೆಯ ಕಪ್ಪಿನ ಮೇಲೆ ಜಗ್ ಬಂದಾಗ ಅದರ ಮೂತಿ ಕಪ್ಪಿನ ಅಂಚಿಗೆ ಟಕಟಕ ಬಡಿಯಿತು. ಕಾಫಿ ತಟ್ಟೆಗೂ ಮೇಜಿಗೂ ಚೆಲ್ಲಿತು.

ಇನೆಕೆ ಅವನ ಮಣಿಕಟ್ಟು ಹಿಡಿದಳು. ಸುಡುತ್ತಿತ್ತು.

"ಮಾವ, ಜಗ್ ಕೆಳಗಿಡು."

"ಆ ಮೇಜಿನವರಿಗೆ ಇನ್ನೂ ಕೊಟ್ಟಿಲ್ಲ ಕಣಮ್ಮ."

"ಅವರಿಗೆ ಕೈ ಇಲ್ವಾ? ಇಡು ಅಂದೆ. ನಡುಗ್ತಿದ್ದೀಯ."

"ಚಳಿ ಅಲ್ವಾ. ನವೆಂಬರ್ ತಿಂಗಳು." ಇಷ್ಟು ಹೇಳಿದವನೇ ಬಿಳಿಚಿಕೊಂಡ. ಜಗ್ಗನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಕುಸಿದ. "ಅಯ್ಯೋ ದೇವರೇ. ಅವರೂ ಹೀಗೇ ಅಂದಿದ್ರು."

"ಯಾರು? ಯಾವಾಗ?"

ಹಾರ್ಮ್ ಚೆಲ್ಲಿದ ಕಾಫಿಯನ್ನು ಅಂಗೈಯಿಂದ ಒರೆಸತೊಡಗಿದ.

"ಮಾವ, ಶನಿವಾರ ದೊಡ್ಡಮ್ಮ ಡಾಕ್ಟರಿಗೆ ಫೋನ್ ಮಾಡ್ದಾಗ ನೀನು ಅಲ್ಲಿದ್ಯಾ?"

"ಅಲ್ಲೇ ಇದ್ದೆ," ಎಂದ ಅವನು. "ಅಡುಗೆಮನೇಲಿ. ಕಾಫಿ ಕುಡೀತಿದ್ದೆ."

* * *

ಹೋದ ಶನಿವಾರ ಹತ್ತೂವರೆಗೆ, ಪ್ರತಿದಿನದಂತೆ, ಹಾರ್ಮ್ ಹಿಂಬಾಗಿಲು ತಟ್ಟದೆ ಒಳಗೆ ಬಂದಿದ್ದ. ಟೀಚರ್ ಕಾಲನ್ನು ಮುಕ್ಕಾಲಿಯ ಮೇಲೆ ಚಾಚಿ ಕೂತಿದ್ದಳು. ಅರವತ್ಮೂರು ವರ್ಷದ ಬದುಕಿನಲ್ಲಿ ಅವಳು ಹಾಗೆ ಕೂತದ್ದನ್ನು ಅವನು ನೋಡಿರಲಿಲ್ಲ. ಕಾಲುಚೀಲ ಕೆಳಗೆ ಜಾರಿತ್ತು. ಹಿಮ್ಮಡಿಯಿಂದ ಮಂಡಿಯವರೆಗೆ ಕಾಲು ಕೆಂಪಗೆ ಊದಿ ಮಿರಮಿರ ಮಿಂಚುತ್ತಿತ್ತು. ಹೆಂಗಸಿನ ಕಾಲು, ಅದರಲ್ಲೂ ಟೀಚರ್ ಕಾಲು. ಅವನು ಕಿಟಕಿಯ ಕಡೆ ತಿರುಗಿದ.

"ಡಾಕ್ಟರಿಗೆ ಫೋನ್ ಮಾಡೋಣ ಅಂತಿದ್ದೀನಿ," ಎಂದಳು ಅವಳು. "ರಜಾ ದಿನ, ಪಾಪ, ಅವರಿಗೂ ತೊಂದರೆ."

ಶನಿವಾರ, ಭಾನುವಾರ ನಮ್ಮೂರಿನ ಡಾಕ್ಟರು ಸಿಗುವುದಿಲ್ಲ. ನಲವತ್ತು ಕಿಲೋಮೀಟರಾಚೆಯ ಕೇಂದ್ರಕ್ಕೆ ಫೋನ್ ಮಾಡಬೇಕು. ಅಲ್ಲಿ ಒಬ್ಬಳು ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಬರಬೇಕೋ ಬೇಡವೋ ಹೇಳುತ್ತಾಳೆ.

"ಹೌದಮ್ಮ, ಕೆಂಪಗಿದೆ," ಎಂದಳು ಟೀಚರ್ ಫೋನಿಗೆ. "ಸ್ವಲ್ಪ ಊದಿದೆ... ಇಲ್ಲ ಇಲ್ಲ, ನಡೀತೀನಿ... ಚಳಿನಾ? ನವೆಂಬರ್ ಅಲ್ವೇನಮ್ಮ, ಎಲ್ಲರಿಗೂ ಚಳಿ... ನೋವಾ? ಹತ್ತರಲ್ಲಿ ಎಷ್ಟು ಅಂದರೆ..."

ಅವಳು ಯೋಚಿಸಿದಳು. ಪರೀಕ್ಷೆಯ ಹಾಳೆ ಮುಂದಿಟ್ಟುಕೊಂಡು ಹೇಗೆ ಯೋಚಿಸುತ್ತಿದ್ದಳೋ ಹಾಗೇ, ತುಟಿ ಬಿಗಿದು, ನ್ಯಾಯವಾಗಿ.

"ಆರು," ಎಂದಳು.

ಹಾರ್ಮ್‌ನ ಕಪ್ಪು ಅರ್ಧದಾರಿಯಲ್ಲಿ ನಿಂತಿತು. ಆರು! ಟೀಚರ್ ಬಾಯಿಂದ ಆರು! ಊರಿನ ಯಾವ ಮಗು ಅದನ್ನು ಕೇಳಿಸಿಕೊಂಡಿದ್ದರೂ ಕುರ್ಚಿಯಿಂದ ಎದ್ದು ನಿಲ್ಲುತ್ತಿತ್ತು. ಫೋನಿನ ಆಚೆಯವಳಿಗೆ ಅದು ಬರೀ ಆರು. ಕೆಂಪು ಎಲ್ಲಿಯವರೆಗೆ ಏರಿದೆ, ನಿನ್ನೆಗಿಂತ ಹೆಚ್ಚಿದೆಯೇ, ಪಕ್ಕದಲ್ಲಿ ಯಾರಾದರೂ ಇದ್ದರೆ ಅವರ ಕೈಗೆ ಕೊಡಿ ಎಂದು ಅವಳೂ ಕೇಳಬಹುದಿತ್ತು. ಕೇಳಲಿಲ್ಲ. ಎರಡು ಪ್ಯಾರಾಸಿಟಮಾಲ್ ತಗೊಳ್ಳಿ, ಜಾಸ್ತಿಯಾದರೆ ಮತ್ತೆ ಮಾಡಿ, ಇಲ್ಲದಿದ್ದರೆ ಸೋಮವಾರ ನಿಮ್ಮ ಡಾಕ್ಟರನ್ನು ನೋಡಿ ಎಂದಳು. ಟೀಚರ್ ಥ್ಯಾಂಕ್ಸ್ ಹೇಳಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯನ್ನೂ ಕೇಳಿದಳು. ಹಾರ್ಮ್ ತನ್ನ ಕಪ್ಪು ತೊಳೆದಿಟ್ಟು ಮನೆಗೆ ಹೋದ.

ಭಾನುವಾರ ಮಧ್ಯಾಹ್ನವಾದರೂ ಅವಳ ಮನೆಯ ಪರದೆ ಸರಿದಿರಲಿಲ್ಲ. ಹಾರ್ಮ್ ಒಳಗೆ ಹೋದಾಗ ಅವಳು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಎದುರಿಗಿಲ್ಲದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವನನ್ನು ಕಂಡು, "ಹಾರ್ಮ್, ನೆಟ್ಟಗೆ ಕೂತ್ಕೋ," ಎಂದಳು.

* * *

"ನನಗೆ ಗೊತ್ತಾಯ್ತು ಇನೆಕೆ," ಎಂದ ಹಾರ್ಮ್. ಸಭಾಂಗಣದಲ್ಲಿ ಎಲ್ಲರೂ ಅವನ ಕಡೆ ತಿರುಗಿದ್ದರು. "ಆರು ಅಂದ ಕೂಡಲೇ ಗೊತ್ತಾಯ್ತು. ಆ ಫೋನ್ ಕಿತ್ಕೊಂಡು ಹೇಳ್ಬೇಕಿತ್ತು. ಟೀಚರ್ ಮಾತಾಡ್ತಿರುವಾಗ ಮಧ್ಯೆ ಬಾಯಿ ಹಾಕೋದು ಹೇಗೆ ಅಂತ..." ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಇನೆಕೆಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅದೇ ಕೈಯಲ್ಲಿ ಅವನ ಹಣೆ ಮುಟ್ಟಿ ನೋಡಿದಳು.

"ಪ್ಯಾಂಟು ಮೇಲೆತ್ತು."

"ಇಲ್ಲೇನಾ? ಹೆಂಗಸರಿದ್ದಾರೆ."

"ಇಲ್ಲಿರೋ ಹೆಂಗಸರೆಲ್ಲ ನಾಲ್ಕು ನಾಲ್ಕು ಮಕ್ಕಳು ಹೆತ್ತವರು. ಗಂಡಸಿನ ಮೊಣಕಾಲು ನೋಡಿ ಮೂರ್ಛೆ ಹೋಗಲ್ಲ. ಎತ್ತು!"

"ಟ್ರೈಲರಿನ ಕೊಕ್ಕೆ ತಗುಲಿತು ಅಷ್ಟೆ, ಮಂಗಳವಾರ. ಕಾಫಿ ಮುಗೀಲಿ. ಮೊದಲ ನೆರೆಯವನು ನಾನು, ಕೊನೇ ಜನ ಎದ್ದು ಹೋಗೋವರೆಗೂ..."

"ಮುಂದಿನ ಶನಿವಾರ ನಿನ್ನ ಹೊರೋಕೆ ಇವರೆಲ್ಲ ಇದೇ ಕಪ್ಪು ಕೋಟಲ್ಲಿ ಬರ್ತಾರೆ ಮಾವ. ಇದೇ ಬ್ರೆಡ್ಡು, ಇದೇ ಬೆಣ್ಣೆ. ಪಾದ್ರಿಗಳು ನಿನ್ನನ್ನೂ ಹೊಗಳ್ತಾರೆ, ಒಂದು ದೂರಿಲ್ಲ ಅಂತ. ಹೆಣ ಹೊರೋದು ಅಂದ್ರೆ ಈ ಊರಿನೋರು ಮುಂದು. ಬದುಕಿರೋನ ಕಾಲು ನೋಡೋಕೆ ನಾಚಿಕೆ!"

ಪಾದ್ರಿ ತಲೆ ತಗ್ಗಿಸಿ ತಮ್ಮ ಕಾಫಿ ನೋಡಿಕೊಂಡರು. ಬೆರೆಂಡ್ ಎದ್ದು ಬಂದ. ಹಾರ್ಮ್‌ನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಬೂಟು ಬಿಚ್ಚಿದ, ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿದ. ಮಂಡಿಯ ಕೆಳಗೆ ಮುಂಭಾಗದಲ್ಲಿ ಕಪ್ಪಗಾದ ಗಾಯ, ಅದರ ಸುತ್ತ ಇಡೀ ಕಾಲು ಬೀಟ್‌ರೂಟಿನಂತೆ ಕೆಂಪು. ಮಂಡಿಯಿಂದ ತೊಡೆಯ ಒಳಗಡೆಗೆ ಒಂದು ಕೆಂಪು ಗೀರು ಹೊರಟಿತ್ತು.

"ಥೂ ನಿನ್ನ," ಎಂದ ಬೆರೆಂಡ್. "ಈ ಕಾಲಲ್ಲಿ ಹೆಗಲು ಕೊಟ್ಯೇನೋ?"

ಇನೆಕೆ ಆಗಲೇ ಅದೇ ಕೇಂದ್ರಕ್ಕೆ ಫೋನ್ ಹಚ್ಚಿದ್ದಳು.

"ಅಂಕ ಕೇಳ್ಬೇಡಿ," ಎಂದಳು. "ನಾನು ಹೇಳ್ತೀನಿ, ಬರ್ಕೊಳ್ಳಿ. ನಾಲ್ಕು ದಿನದ ಗಾಯ. ಮಂಡಿ ದಾಟಿ ಕೆಂಪು, ಮೇಲಕ್ಕೆ ಗೀರು ಏರಿದೆ. ಮುಟ್ಟಿದ್ರೆ ಸುಡುತ್ತೆ. ಜ್ವರ, ಮೈಯೆಲ್ಲ ನಡುಕ. ಅರವತ್ಮೂರು ವರ್ಷ. ಅರ್ಧ ಗಂಟೇಲಿ ಕರ್ಕೊಂಡು ಬರ್ತಿದ್ದೀನಿ... ಇಲ್ಲ, ಬರ್ಲಾ ಅಂತ ಕೇಳ್ತಿಲ್ಲ. ಬರ್ತಿದ್ದೀನಿ ಅಂತ ಹೇಳ್ತಿದ್ದೀನಿ... ಆಸ್ಪತ್ರೆಗೇನಾ? ನೇರವಾಗಿ? ಸರಿ. ಅದನ್ನ ಹೋದ ವಾರ ಹೇಳಿದ್ದಿದ್ರೆ." ಫೋನ್ ಇಟ್ಟು ಕೋಟು ಹಾಕಿಕೊಂಡಳು.

ಬೆರೆಂಡ್ ಮತ್ತಿನ್ನೊಬ್ಬ ಹಾರ್ಮ್‌ನ ಎರಡು ಕಡೆ ಹೆಗಲು ಕೊಟ್ಟು ಬಾಗಿಲ ಕಡೆ ನಡೆಸಿದರು. ಹೋಗುತ್ತಾ ಹಾರ್ಮ್, "ಆ ಮೂಲೆ ಮೇಜಿಗೆ ಕಾಫಿ..." ಎಂದ. ಬೆರೆಂಡ್ ಅವನಿಗೆ ಬಾಯಿ ಮುಚ್ಚಲು ಹೇಳಿದ.

"ಇನೆಕೆ," ಎಂದು ಹಿಲ್ಲಿ ಕರೆದಳು. "ಕಾರಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಾ?"

"ನೀನೆಲ್ಲಿಗೆ ಅಮ್ಮ? ಬಂದವರ ಜೊತೆ ಇಲ್ಲೇ ಇರು. ಸಂಜೆ ಬರ್ತೀನಿ."

ಹಿಲ್ಲಿ ಮುಂದಿದ್ದ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹಾರ್ಮ್ ಬಿಟ್ಟುಹೋದ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಎಲ್ಲರ ಕಣ್ಣೆದುರಿಗೇ, ಬಲಗಾಲನ್ನು ಅದರ ಮೇಲಿಟ್ಟಳು. ಬೂಟು ಬಿಚ್ಚಿದಳು. ಕಪ್ಪು ಕಾಲುಚೀಲವನ್ನು ಮಂಡಿಯಿಂದ ಕೆಳಕ್ಕೆ ಸುತ್ತುತ್ತಾ ಬಂದಳು. ಅರ್ಧದವರೆಗೆ ಅದು ಸಲೀಸಾಗಿ ಇಳಿಯಿತು. ಅಲ್ಲಿಂದ ಮುಂದೆ ಅದರಡಿ ಸುತ್ತಿದ್ದ ಅಡುಗೆಮನೆಯ ಒರೆಸುಬಟ್ಟೆಯ ಅಂಚು, ಅದರ ನೀಲಿ ಚೌಕಳಿ ಕಾಣಿಸಿತು.

"ಯಾವಾಗಿಂದ ಅಮ್ಮ?"

"ಬೇಸಿಗೆಯಿಂದ," ಎಂದಳು ಹಿಲ್ಲಿ.

ಮತ್ತೊಮ್ಮೆ ಎಳೆದಳು. ಕಾಲುಚೀಲ ಬರಲಿಲ್ಲ. ಅದೂ, ಒಳಗಿನ ಬಟ್ಟೆಯೂ ಚರ್ಮಕ್ಕೆ ಅಂಟಿಕೊಂಡಿದ್ದವು.