ಕೋಟು ಕಳಚದ ಗದಿಗೆಪ್ಪನವರು

ಗದಿಗೆಪ್ಪನವರು ಯಾರ ಮನೆಗೆ ಹೋದರೂ ಬಾಗಿಲಲ್ಲಿ ಶೂ ಬಿಡುತ್ತಾರೆ, ಕೋಟು ಮಾತ್ರ ಬಿಡುವುದಿಲ್ಲ. ಒಳಗೆ ಹೀಟರ್ ಉರಿಯುತ್ತಿರಲಿ, ಮಿಕ್ಕವರು ಅಂಗಿಯ ತೋಳು ಮಡಚಿಕೊಂಡು ಕೂತಿರಲಿ, ಆ ಬೂದುಬಣ್ಣದ ಉಣ್ಣೆಯ ಕೋಟಿನ ಒಂದು ಗುಂಡಿಯೂ ಸಡಿಲವಾಗದು. ಕುರ್ಚಿಯ ತುದಿಯಲ್ಲಿ ಕೂತು, ಅಂಗೈಗಳನ್ನು ಮಂಡಿಯ ಮೇಲೂರಿ, ‘ಇನ್ನೇನು, ಹೊಂಟೀವ್ರಿ’ ಎನ್ನುತ್ತಾರೆ. ಹಾಗೆಂದವರು ಎರಡು ಸಲ ಚಹಾ ಕುಡಿದು, ಊಟ ಮುಗಿಸಿ, ಅಡಿಕೆ ಬಾಯಿಗೆ ಹಾಕಿಕೊಂಡೇ ಏಳುವುದು. ಆನ್ ಆರ್ಬರ್ ಊರಿನಲ್ಲಿ ಡಾಕ್ಟರಾಗಿರುವ ಸ್ವಂತ ಮಗಳು ಮಾಳವಿಕಾಳ ಮನೆಯಲ್ಲೂ ಇದೇ ಕಥೆಯಂತೆ.

ಅವರು ಹೊರಟಿರುವುದು ನಮ್ಮ ಮನೆಗಳಿಂದ ಮಾತ್ರವಲ್ಲ, ಅಮೆರಿಕದಿಂದಲೂ. ಊರು ಗದಗ ಜಿಲ್ಲೆಯ ರೋಣ. ‘ಬರೂ ವರ್ಷ ರೋಣಕ್ಕ ಹೋಗಿಬಿಡೂದು’ ಎಂಬ ಅವರ ಸಂಕಲ್ಪಕ್ಕೆ ಮೂವತ್ತು ದೀಪಾವಳಿಗಳಾದರೂ ಸಾಕ್ಷಿಯಾಗಿವೆ. ಸೇತುವೆ ಕಟ್ಟುವ ಎಂಜಿನಿಯರ್ ಆಗಿದ್ದವರು. ನಮ್ಮೂರ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಅವರ ಲೆಕ್ಕಾಚಾರದ ಮೇಲೆ ನಿಂತ ಸೇತುವೆಯೊಂದರ ಮೇಲೆ ನಾವೆಲ್ಲ ನಿಶ್ಚಿಂತೆಯಿಂದ ಡ್ರೈವ್ ಮಾಡುತ್ತೇವೆ. ಆದರೆ ವುಡ್‌ರಿಡ್ಜಿನ ತಮ್ಮದೇ ಮನೆಯ ಗೋಡೆಗೆ ಅವರು ಒಂದು ಮೊಳೆ ಹೊಡೆಯಗೊಡಲಿಲ್ಲ. ಮಾರುವಾಗ ಕಲೆ ಕಾಣುತ್ತದಂತೆ! ದೇವರ ಪಟ, ಮಗಳ ಪದವಿಯ ಫೋಟೊ, ಎಲ್ಲವೂ ಇಷ್ಟು ವರ್ಷ ಗೋಡೆಗೊರಗಿ ನೆಲದ ಮೇಲೇ ನಿಂತಿವೆ. ಹೆಂಡತಿ ಕೌಸಲ್ಯಾ ಎಂದೋ ಇಲ್ಲಿಯ ಪೌರತ್ವ ಪಡೆದರು. ಆ ಸಮಾರಂಭಕ್ಕೆ ಅವರನ್ನು ಕರೆದೊಯ್ದ ಗದಿಗೆಪ್ಪನವರು ಒಳಗೆ ಹೋಗದೆ ಕಾರಿನಲ್ಲೇ ಕೂತಿದ್ದರು. ಕೋಟು ಹಾಕಿಕೊಂಡೇ ಎಂದು ಬೇರೆ ಹೇಳಬೇಕಾಗಿಲ್ಲ.

ಕೌಸಲ್ಯಾ ಆಂಟಿಗೆ ಒಂದೇ ಒಂದು ಆಸೆಯಿತ್ತು. ಕೂಡಿಟ್ಟ ರಜೆಯೆಲ್ಲ ರೋಣದ ಮದುವೆ, ಮುಂಜಿ, ಗೃಹಪ್ರವೇಶಗಳಿಗೇ ಸಂದುಹೋಗಿತ್ತು. ಒಮ್ಮೆಯಾದರೂ ನೆಂಟರಿಲ್ಲದ ಊರಿಗೆ ಹೋಗಬೇಕು, ರೈಲಿನ ಕಿಟಕಿಯ ಪಕ್ಕ ಕೂತು ಯುರೋಪು ನೋಡಬೇಕು, ಪಕ್ಕದಲ್ಲಿ ಗಂಡ ಇರಬೇಕು, ಅಷ್ಟೆ. ಹಿಂದಿನ ಬೇಸಿಗೆಯಲ್ಲಿ ನಾನು ಅಲ್ಲಿಯ ರೈಲು ಪಾಸು ಕೊಂಡಿದ್ದೆನೆಂಬ ಭರವಸೆಯ ಮೇಲೆ, ಒಂದು ಭಾನುವಾರ ದೇವಸ್ಥಾನದಿಂದ ನೇರ ನಮ್ಮ ಮನೆಗೆ ಇಬ್ಬರೂ ಪ್ರಸಾದ ಹಿಡಿದುಕೊಂಡು ಬಂದರು.

ಆ ಪಾಸು ಯುರೋಪಿನ ಹೊರಗೆ ವಾಸಿಸುವವರಿಗೆ ಮೀಸಲು. ಅಲ್ಲಿಯವರಿಗೆ ಬೇರೆಯದೇ ಇದೆ. ಹಾಗಾಗಿ ಕೊಳ್ಳುವಾಗ ವಾಸದ ದೇಶ ಯಾವುದೆಂದು ಕೇಳುತ್ತಾರೆ. ನಾನು ಕಂಪ್ಯೂಟರಿನಲ್ಲಿ ಇಬ್ಬರ ವಿವರ ತುಂಬತೊಡಗಿದೆ. ಆಂಟಿಯದು ಕ್ಷಣದಲ್ಲಿ ಮುಗಿಯಿತು: ಪಾಸ್‌ಪೋರ್ಟೂ ಅಮೆರಿಕ, ವಾಸವೂ ಅಮೆರಿಕ. ಅಂಕಲ್ ಸರದಿ ಬಂದಾಗ ಅವರು ನಿರಾಳವಾಗಿ, ಇಂಡಿಯಾ ಅಂತ ಹಾಕ್ರಿ ಎಂದರು. ಇದು ಪಾಸ್‌ಪೋರ್ಟಿನ ಪ್ರಶ್ನೆಯಲ್ಲ, ನೀವು ಇರುವುದೆಲ್ಲಿ ಎಂಬ ಪ್ರಶ್ನೆ ಎಂದು ನಾನು ವಿವರಿಸಿದೆ. ಜೊತೆಗೆ, ವಾಸ ಅಮೆರಿಕ ಎಂದು ಹಾಕಿದರೆ ನಿಮ್ಮ ಇಂಡಿಯಾ ಪಾಸ್‌ಪೋರ್ಟಿಗೆ ತಾಳೆಯಾಗದ್ದರಿಂದ ಇಲ್ಲೇ ಇದ್ದೀರೆಂಬುದಕ್ಕೆ ಪುರಾವೆ ತೋರಿಸಬೇಕು, ಇಂಡಿಯಾ ಎಂದರೆ ಯಾರೂ ಏನೂ ಕೇಳುವುದಿಲ್ಲ ಎಂದೂ ಬಾಯಿತಪ್ಪಿ ಹೇಳಿಬಿಟ್ಟೆ.

“ಮತ್ತ, ಛಲೋನ ಆತಲ್ಲ,” ಎಂದರು ಗದಿಗೆಪ್ಪನವರು.

ಕೌಸಲ್ಯಾ ಆಂಟಿ ಪ್ರಸಾದದ ದ್ರಾಕ್ಷಿ ಬಿಡಿಸುತ್ತಿದ್ದರು. ತಲೆಯೆತ್ತದೆ, ದನಿಯೆತ್ತದೆ ಕೇಳಿದರು: “ರೀ, ನೀವು ಅಲ್ಲೇ ಇದ್ರ, ಇಷ್ಟು ವರ್ಷ ಆ ಮನ್ಯಾಗ ನನ್ನ ಜೋಡಿ ಇದ್ದವರು ಯಾರು?”

ಗದಿಗೆಪ್ಪನವರು ಕೋಟಿನ ಮೇಲಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡರು.  ನಾನು ಸುಮ್ಮನೆ ಕಂಪ್ಯೂಟರಿನ ಪರದೆಯನ್ನು ಅತ್ತಿತ್ತ ಸರಿಸಿದೆ. ಆಮೇಲೆ ತಪ್ಪು ಮಾಡಿದ ಹುಡುಗನ ದನಿಯಲ್ಲಿ ಅವರೆಂದರು: “ಇಲ್ಲೇ ಅದೀನಲ್ಲ, ಕೌಸಲ್ಯಾ.”

“ಹಂಗಾರ ಹಂಗ ಬರಸ್ರಿ.”

ಪುರಾವೆ ಕೋಟಿನ ಒಳಜೇಬಿನಲ್ಲೇ ಇತ್ತು. ಹಸಿರು ಕಾರ್ಡು: ಕಾಯಂ ನಿವಾಸಿಯೆಂದು ಸರ್ಕಾರವೇ ಅಚ್ಚೊತ್ತಿ ಕೊಟ್ಟದ್ದು, ಅವಧಿ ಮುಗಿದಾಗಲೆಲ್ಲ ತಪ್ಪದೆ ನವೀಕರಿಸಿ ಎದೆಗೆ ಒತ್ತಿಕೊಂಡೇ ಓಡಾಡಿದ್ದು. ಜೇಬಿನ ಬಾಯನ್ನು ಕಳ್ಳತನದ ಭಯಕ್ಕೆ ಎಷ್ಟು ಬಿಗಿಯಾಗಿ ಹೊಲಿಸಲಾಗಿತ್ತೆಂದರೆ, ಕೋಟು ಬಿಚ್ಚದೆ ಕೈ ಇಳಿಯಲಿಲ್ಲ. ಮೊದಲ ಬಾರಿಗೆ ಅವರನ್ನು ಬರೀ ಅಂಗಿಯಲ್ಲಿ ನೋಡಿದೆ. ನಾನೆಣಿಸಿದ್ದಕ್ಕಿಂತ ಸಣಕಲು ದೇಹ, ಭುಜಗಳು ಇಳಿದಿದ್ದವು. ಆಂಟಿ ಎದ್ದುಹೋಗಿ ಕೋಟನ್ನು ನಮ್ಮ ಗೋಡೆಯ ಮೊಳೆಗೆ ನೇತುಹಾಕಿ, ಅದರ ತೋಳನ್ನು ಒಮ್ಮೆ ನೇವರಿಸಿ ಬಂದರು.

ಹೊರಡುವಾಗ ಅವರು ಅದನ್ನು ಮತ್ತೆ ತೊಟ್ಟು, ‘ಇನ್ನೇನು, ಹೊಂಟೀವ್ರಿ’ ಎಂದೇ ಹೊರಟರೆನ್ನಿ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಜೂನಿನಲ್ಲಿ ಒಂದು ಫೋಟೊ ಬಂತು. ಯಾವುದೋ ರೈಲು, ಕಿಟಕಿಯಾಚೆ ಯಾವುದೋ ಹಸಿರು. ಕೌಸಲ್ಯಾ ಆಂಟಿ ನಿದ್ದೆಹೋಗಿದ್ದಾರೆ, ಬೂದು ಕೋಟು ಅವರ ಮೈಮೇಲಿದೆ. ಪಕ್ಕದಲ್ಲಿ ಗದಿಗೆಪ್ಪನವರು, ಸೀಟಿನ ತುದಿಯಲ್ಲಲ್ಲ, ಬೆನ್ನಾನಿಸಿ ಕೂತಿದ್ದಾರೆ.

ಇಂಥವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ತೊರೆದ ಊರಿಗಾಗಿ ಅವರು ಹಂಬಲಿಸುವುದನ್ನು ನಾವು ಮರುಕದಿಂದ ನೋಡುತ್ತೇವೆ, ಸಭೆಗಳಲ್ಲಿ ಕೊಂಡಾಡುತ್ತೇವೆ. ಆದರೆ ಅವರು ಇಲ್ಲಿಗೆ ಮನಸಾರೆ ಬಂದು ಸೇರಲೆಂದು ಅದೇ ಮನೆಯಲ್ಲಿ, ಅದೇ ಚಹಾ ಸೋಸುತ್ತಾ, ಇನ್ನೊಬ್ಬರು ಅಷ್ಟೇ ವರ್ಷಗಳಿಂದ ಹಂಬಲಿಸುತ್ತಿರುತ್ತಾರೆ. ಆ ಕಡೆ ನಮ್ಮ ಕಣ್ಣು ಹೋಗುವುದೇ ಇಲ್ಲ.